ಮೆಕಾಂಗ್ ನದಿಯ ಎರಡು ದಡ: ಹ್ಮಾಂಗ್ ಯೋಧರ ಹಾದಿಯಲ್ಲಿ

ಶನಿವಾರ, ವಿಯೆಂಟಿಯಾನ್

ಬ್ಯಾಂಕಾಕ್ ಮೂಲಕ ವಿಯೆಂಟಿಯಾನ್‌ನಲ್ಲಿ ಇಳಿದಾಗ ಮಧ್ಯಾಹ್ನ. ಲಾವೋಸಿನ ರಾಜಧಾನಿಯಾದರೂ ಗಡಿಬಿಡಿ ಇಲ್ಲದ ಊರು. ಪಕ್ಕದಲ್ಲೇ ಮೆಕಾಂಗ್ ನದಿ, ಆಚೆ ದಡದಲ್ಲಿ ಥಾಯ್ಲೆಂಡ್.

ಈ ಪ್ರವಾಸ ಅಕ್ಕನ ಆಸೆ. ಅವಳು ಅಮೆರಿಕದ ಮಿನ್ನೆಸೋಟದಲ್ಲಿದ್ದಾಳೆ. ಸೇಂಟ್ ಪಾಲ್ ನಗರದ ರೈತರ ಸಂತೆಯಲ್ಲಿ ಅವಳು ಕೊತ್ತಂಬರಿ ಸೊಪ್ಪು, ಹಾಗಲಕಾಯಿ ಕೊಳ್ಳುವುದು ಹ್ಮಾಂಗ್ ಹೆಂಗಸರ ಹತ್ತಿರ. ಅಮೆರಿಕದಲ್ಲಿ ಈಗ 3 ಲಕ್ಷಕ್ಕೂ ಹೆಚ್ಚು ಹ್ಮಾಂಗ್ ಜನರಿದ್ದಾರೆ. ನಗರಗಳ ಲೆಕ್ಕದಲ್ಲಿ ಅವರು ಅತಿ ಹೆಚ್ಚು ಇರುವುದು ಸೇಂಟ್ ಪಾಲ್ ಸುತ್ತಮುತ್ತ. ಲಾವೋಸಿನ ಬೆಟ್ಟದ ಜನ ಅಷ್ಟು ಚಳಿಯ ಊರಿಗೆ ಹೇಗೆ ಬಂದರು ಅಂತ ಕೇಳುತ್ತಾ ಹೋಗಿ, ಒಂದು ದಿನ ನನಗೆ ಫೋನ್ ಮಾಡಿದಳು. "ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಬರ್ತೀನಿ. ಅಲ್ಲಿಂದ ಲಾವೋಸ್‌ಗೆ ಹೋಗೋಣ, ನೀನೂ ರಜೆ ಹಾಕೋ" ಅಂದಳು.

ಹೋಟೆಲಿನಲ್ಲಿ ಬ್ಯಾಗ್ ಇಟ್ಟು ಸೀದಾ ಕೋಪ್ ಕೇಂದ್ರಕ್ಕೆ ಹೋದೆವು. ಕೈಕಾಲು ಕಳೆದುಕೊಂಡವರಿಗೆ ಕೃತಕ ಅಂಗ ಸಿಗುವಂತೆ ಮಾಡುವ ಸಂಸ್ಥೆ ಇದು. ಒಳಗೆ ಚಾವಣಿಯಿಂದ ಕ್ಲಸ್ಟರ್ ಬಾಂಬಿನ ಮರಿಗುಂಡುಗಳನ್ನು ದಾರದಲ್ಲಿ ಇಳಿಬಿಟ್ಟಿದ್ದಾರೆ. ಒಂದೊಂದೂ ಕೈಹಿಡಿಯಷ್ಟು ದಪ್ಪ. ಲಾವೋಸಿನವರು ಇವನ್ನು ಬಾಂಬಿ ಅನ್ನುತ್ತಾರೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕ ಲಾವೋಸಿನಲ್ಲೂ ಕಮ್ಯುನಿಸ್ಟರ ವಿರುದ್ಧ ಗುಟ್ಟಾಗಿ ಒಂದು ಯುದ್ಧ ನಡೆಸಿತು. 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಈ ಪುಟ್ಟ ದೇಶದ ಮೇಲೆ 20 ಲಕ್ಷ ಟನ್‌ಗೂ ಜಾಸ್ತಿ ಬಾಂಬ್ ಹಾಕಿದವು. ಒಟ್ಟು 5,80,000 ಹಾರಾಟ. ಲೆಕ್ಕ ಹಾಕಿದರೆ ಒಂಬತ್ತು ವರ್ಷ ಹಗಲೂ ರಾತ್ರಿ ಎಂಟು ನಿಮಿಷಕ್ಕೊಂದು ವಿಮಾನದ ತುಂಬ ಬಾಂಬ್. ಬಿದ್ದ ಬಾಂಬಿಗಳು ಸುಮಾರು 27 ಕೋಟಿ. ಅದರಲ್ಲಿ 8 ಕೋಟಿಯಷ್ಟು ಸಿಡಿಯದೆ ಮಣ್ಣಿನಲ್ಲೇ ಉಳಿದವು.

ಒಂದು ಗೋಡೆಗೆ ಹಳ್ಳಿಯವರು ತಾವೇ ಮಾಡಿಕೊಂಡಿದ್ದ ಕಾಲುಗಳನ್ನು ನೇತುಹಾಕಿದ್ದಾರೆ. ಕೆಲವು ಮರದವು, ಕೆಲವು ತಗಡಿನವು. ಚರ್ಮದ ಪಟ್ಟಿ ತಾಗಿ ತಾಗಿ ಮರ ನುಣ್ಣಗಾಗಿದೆ. ಅಕ್ಕ ಅಲ್ಲಿ ತುಂಬಾ ಹೊತ್ತು ನಿಂತಳು.

ಭಾನುವಾರ, ಫೋನ್ಸವನ್ ಕಡೆಗೆ

ಫೋನ್ಸವನ್ ಶಿಯೆಂಗ್ ಖ್ವಾಂಗ್ ಪ್ರಾಂತ್ಯದ ಮುಖ್ಯ ಊರು. ವಿಮಾನದಲ್ಲೂ ಹೋಗಬಹುದು, ಆದರೆ ನಾವು ಕಾರು ಮಾಡಿಕೊಂಡೆವು. ಹೊಸ ಎಕ್ಸ್‌ಪ್ರೆಸ್ ದಾರಿ ಬೇಡ, ಹಳೆಯ 13ನೇ ನಂಬರ್ ರಸ್ತೆಯಲ್ಲೇ ಹೋಗೋಣ ಅಂತ ಡ್ರೈವರ್‌ಗೆ ಮೊದಲೇ ಹೇಳಿದ್ದೆವು. ಹಿನ್ ಹೂಪ್ ಸೇತುವೆ ಇರುವುದು ಈ ದಾರಿಯಲ್ಲಿ.

ನಾಮ್ ಲಿಕ್ ನದಿಯ ಮೇಲಿನ ಸೇತುವೆ ಅದು. ನೋಡಲು ವಿಶೇಷ ಏನೂ ಇಲ್ಲ. ಕಮ್ಯುನಿಸ್ಟರ ಕೈ ಮೇಲಾದಾಗ, 1975ರ ಮೇ ತಿಂಗಳ ಕೊನೆಯಲ್ಲಿ, ಸಾವಿರಾರು ಹ್ಮಾಂಗ್ ಜನ ಹೆಂಗಸರು ಮಕ್ಕಳ ಸಮೇತ ಥಾಯ್ಲೆಂಡ್ ಕಡೆಗೆ ನಡೆದುಕೊಂಡು ಇಲ್ಲಿಗೆ ಬಂದರು. ಸೈನಿಕರು ತಡೆದರು, ಗುಂಡು ಹಾರಿಸಿದರು. ಹಲವರು ಸತ್ತರು, ಉಳಿದವರು ಕಾಡಿಗೆ ಚದುರಿದರು. ಹ್ಮಾಂಗ್ ಸೇನೆಯ ದಂಡನಾಯಕ ಹೆಲಿಕಾಪ್ಟರ್ ಹತ್ತಿ ದೇಶ ಬಿಟ್ಟು ಆಗಲೇ ಎರಡು ವಾರವಾಗಿತ್ತು.

ಆ ದಂಡನಾಯಕ ವಾಂಗ್ ಪಾವೊ. ಫ್ರೆಂಚರ ಕಾಲದಲ್ಲೇ ಸೇನೆ ಸೇರಿದ ಹ್ಮಾಂಗ್ ಹುಡುಗ, ಮುಂದೆ ಲಾವೋಸ್ ರಾಜಸೇನೆಯ ಜನರಲ್ ಆದ. 1961ರ ಜನವರಿಯಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಬಿಲ್ ಲೇರ್ ಬೆಟ್ಟಕ್ಕೆ ಬಂದು ಅವನನ್ನು ಭೇಟಿಯಾದ. ನಾವು ಕಮ್ಯುನಿಸ್ಟರ ಜೊತೆ ಬದುಕಲು ಆಗಲ್ಲ, ಬಂದೂಕು ಕೊಡಿ ಅಂತ ವಾಂಗ್ ಪಾವೊ ಕೇಳಿದ. ಕೆಲವು ನೂರು ಜನರಿಂದ ಶುರುವಾದ ಸೇನೆ ಹತ್ತು ವರ್ಷದೊಳಗೆ 30,000ದವರೆಗೆ ಬೆಳೆಯಿತು. ಮಧ್ಯೆ 1962ರಲ್ಲಿ ಜಿನೀವಾದಲ್ಲಿ ಒಪ್ಪಂದವಾಗಿತ್ತು. ಲಾವೋಸ್ ತಟಸ್ಥ ದೇಶ, ಯಾವ ಹೊರಗಿನ ಸೈನ್ಯವೂ ಅಲ್ಲಿ ಇರಕೂಡದು ಅಂತ. ಉತ್ತರ ವಿಯೆಟ್ನಾಂ ತನ್ನ ಸೈನ್ಯವನ್ನು ಪೂರ್ತಿ ತೆಗೆಯಲಿಲ್ಲ. ಅಮೆರಿಕಕ್ಕೆ ಬಹಿರಂಗವಾಗಿ ಸೈನಿಕರನ್ನು ಕಳಿಸಲು ಆಗಲಿಲ್ಲ. ಹಾಗಾಗಿ ಬೆಟ್ಟದ ಜನರ ಕೈಗೆ ಬಂದೂಕು ಬಂತು, ಸಂಬಳ ಬಂತು. ಆಕಾಶದಿಂದ ಅಕ್ಕಿ ಮೂಟೆಗಳೂ ಬಿದ್ದವು. ಗದ್ದೆ ಬಿಟ್ಟು ಓಡುತ್ತಲೇ ಇದ್ದ ಊರುಗಳಲ್ಲಿ, ಅಕ್ಕಿ ಬೆಳೆಯುವುದೇ ಆಕಾಶದಲ್ಲಿ ಅಂತ ನಂಬಿದ ಮಕ್ಕಳಿದ್ದರಂತೆ.

ವಾಂಗ್ ವಿಯೆಂಗ್‌ನಲ್ಲಿ ಊಟ. ಊರ ಮಧ್ಯದ ಹಳೆಯ ವಿಮಾನಪಟ್ಟಿಯೂ ಈ ಯುದ್ಧದ್ದೇ, ಅದರ ಗುರುತು ಲಿಮಾ ಸೈಟ್ 6. ಇಂಥ ಪಟ್ಟಿಗಳನ್ನು ದೇಶದ ತುಂಬ ಬೆಟ್ಟದ ನೆತ್ತಿ, ಕಣಿವೆ ಎಲ್ಲೆಂದರಲ್ಲಿ ಕಡಿದಿದ್ದರು.

ಫು ಖೂನ್‌ನಲ್ಲಿ ಬಲಕ್ಕೆ ತಿರುಗಿದರೆ 7ನೇ ನಂಬರ್ ರಸ್ತೆ. ಇಲ್ಲಿಂದ ಬರೀ ತಿರುವು. ಶಿರಾಡಿ ಘಾಟಿಯ ಅಭ್ಯಾಸ ಇದ್ದವರಿಗೂ ಹೊಟ್ಟೆ ತೊಳಸುತ್ತದೆ. ಸಂಜೆ ಹೊತ್ತಿಗೆ ಮುವಾಂಗ್ ಸುಯಿ ದಾಟಿದೆವು. ಲೀ ಲೂ ಎಂಬ ಹ್ಮಾಂಗ್ ಪೈಲಟ್ ವಿಮಾನ ಉರುಳಿ ಸತ್ತಿದ್ದು ಈ ಸೀಮೆಯಲ್ಲಿ, 1969ರ ಜುಲೈಯಲ್ಲಿ. ಶಾಲೆಯಲ್ಲಿ ಮೇಷ್ಟ್ರಾಗಿದ್ದವನು ಟಿ-28 ಯುದ್ಧವಿಮಾನ ಹಾರಿಸಲು ಕಲಿತು, ದಿನಕ್ಕೆ ಎಷ್ಟು ಬಾರಿ ಆಗುತ್ತೋ ಅಷ್ಟು ಬಾರಿ ಹಾರುತ್ತಿದ್ದ. ಅಮೆರಿಕದ ಪೈಲಟ್‌ಗಳಿಗೆ ಇಂತಿಷ್ಟು ಹಾರಾಟ ಮುಗಿದರೆ ಊರಿಗೆ ಹೋಗುವ ದಿನ ಬರುತ್ತಿತ್ತು. ಹ್ಮಾಂಗ್ ಪೈಲಟ್‌ಗಳಿಗೆ ಆ ದಿನವೇ ಇರಲಿಲ್ಲ, ಸಾಯುವವರೆಗೂ ಹಾರಬೇಕಿತ್ತು.

ಸೋಮವಾರ, ಫೋನ್ಸವನ್

ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರದ ಊರು. ಬೆಳಗ್ಗೆ ಮಂಜು, ಕೊರೆಯುವ ಚಳಿ. ಗೆಸ್ಟ್‌ಹೌಸಿನ ಬಾಗಿಲ ಎರಡೂ ಕಡೆ ನನ್ನೆತ್ತರದ ಬಾಂಬ್ ಚಿಪ್ಪುಗಳನ್ನು ಕಂಬದ ಹಾಗೆ ನಿಲ್ಲಿಸಿದ್ದರು.

ಗೈಡ್ ಎಂಟಕ್ಕೆ ಬಂದರು. ನಲವತ್ತರ ಆಸುಪಾಸಿನ ಹ್ಮಾಂಗ್ ಮನುಷ್ಯ, ಇಂಗ್ಲಿಷ್ ಚೆನ್ನಾಗಿ ಬರುತ್ತೆ. ಹೆಸರು ಬೇಡ ಅಂದರು, ಬರೆಯುವುದಿಲ್ಲ.

ಮೊದಲು ಕಲ್ಲಿನ ಹಂಡೆಗಳ ಬಯಲು. ಮೊದಲ ತಾಣ ಒಂದರಲ್ಲೇ 300ಕ್ಕೂ ಹೆಚ್ಚು ಹಂಡೆಗಳಿವೆ. ಕೆಲವು ಆಳೆತ್ತರಕ್ಕಿಂತ ದೊಡ್ಡವು. ಕಬ್ಬಿಣದ ಯುಗದ ಜನ ಸತ್ತವರ ಸಂಸ್ಕಾರಕ್ಕಾಗಿ ಮಾಡಿದವು ಅನ್ನುತ್ತಾರೆ. 2019ರಲ್ಲಿ ಯುನೆಸ್ಕೊ ಪಟ್ಟಿ ಸೇರಿವೆ. ಹಂಡೆಗಳ ನಡುವೆಯೇ ಬಾಂಬ್ ಬಿದ್ದ ದೊಡ್ಡ ಗುಂಡಿಗಳು, ಈಗ ಒಳಗೆಲ್ಲ ಹುಲ್ಲು. ನಡೆಯುವ ದಾರಿಯುದ್ದಕ್ಕೂ ನೆಲದಲ್ಲಿ ಸಣ್ಣ ಗುರುತುಕಲ್ಲುಗಳು, ಒಂದು ಬದಿ ಬಿಳಿ, ಒಂದು ಬದಿ ಕೆಂಪು. ಬಿಳಿ ಕಡೆಯ ನೆಲವನ್ನು ಪೂರ್ತಿ ಶೋಧಿಸಿದ್ದಾರೆ. ಕೆಂಪು ಕಡೆ ಹಾಗಲ್ಲ. ಫೋಟೋಗೆ ಅಂತ ನಾನು ಹಿಂದೆ ಹಿಂದೆ ಸರಿಯುವಾಗ ಗೈಡ್ ಸುಮ್ನೆ ನನ್ನ ತೋಳು ಹಿಡಿದುಕೊಂಡರು.

ಯುದ್ಧದಲ್ಲಿ ಈ ಬಯಲು ವರ್ಷಕ್ಕೊಮ್ಮೆ ಕೈ ಬದಲಾಯಿಸುತ್ತಿತ್ತು. ಬೇಸಿಗೆಯಲ್ಲಿ ಉತ್ತರ ವಿಯೆಟ್ನಾಂ ಮತ್ತು ಲಾವೋಸಿನ ಕಮ್ಯುನಿಸ್ಟರಾದ ಪಾಥೆಟ್ ಲಾವೊ ಸೈನ್ಯ ಮುಂದೆ ಬರುತ್ತಿತ್ತು. ಮಳೆಗಾಲದಲ್ಲಿ ಅವರ ಲಾರಿಗಳು ಕೆಸರಲ್ಲಿ ಹೂತಾಗ ವಾಂಗ್ ಪಾವೊ ಕಡೆಯವರು ವಿಮಾನದ ಬಲದಿಂದ ಮುಂದೆ ನುಗ್ಗುತ್ತಿದ್ದರು. ಗಂಡಸರು ಸಾಯುತ್ತಾ ಬಂದ ಹಾಗೆ ಹುಡುಗರು ಬಂದರು. 1968ರ ಹೊತ್ತಿಗೆ ಹದಿಮೂರು ಹದಿನಾಲ್ಕು ವಯಸ್ಸಿನವರ ಕೈಯಲ್ಲಿ ಬಂದೂಕು. ಗುಂಡೇಟು ತಿಂದು ಉರುಳಿದ ವಿಮಾನಗಳ ಅಮೆರಿಕನ್ ಪೈಲಟ್‌ಗಳನ್ನು ಕಾಡಿನಿಂದ ಎತ್ತಿ ತರಲು ಎಷ್ಟೋ ಹ್ಮಾಂಗ್ ಯೋಧರು ಜೀವ ಕೊಟ್ಟಿದ್ದಾರೆ. ಒಟ್ಟು 30,000ಕ್ಕೂ ಹೆಚ್ಚು ಹ್ಮಾಂಗ್ ಸೈನಿಕರು ಸತ್ತಿರಬಹುದು ಎಂಬ ಅಂದಾಜು ಇದೆ.

ಇದೆಲ್ಲ ನಡೆದಿದ್ದು ಲಾಂಗ್ ಟಿಯೆಂಗ್ ಎಂಬ ಕಣಿವೆಯಿಂದ. ಇಲ್ಲಿಂದ ದಕ್ಷಿಣಕ್ಕೆ, ಬೆಟ್ಟಗಳ ನಡುವೆ ಇದೆ. ಅಲ್ಲಿನ ವಿಮಾನಪಟ್ಟಿಯ ಒಂದು ತುದಿಯಲ್ಲಿ ಸುಣ್ಣದ ಕಲ್ಲಿನ ಗೋಡೆಯಂಥ ಬೆಟ್ಟ. ಇಳಿಯುವ ವಿಮಾನ ಅಷ್ಟರೊಳಗೆ ನಿಲ್ಲಬೇಕು, ಇನ್ನೊಂದು ಸುತ್ತು ಹಾಕಲು ಜಾಗ ಇಲ್ಲ. ಏನೂ ಇಲ್ಲದ ಕಣಿವೆಯಲ್ಲಿ 1960ರ ದಶಕದ ಕೊನೆಗೆ ಹತ್ತಿರ ಹತ್ತಿರ 40,000 ಜನ. ಲಾವೋಸಿನಲ್ಲೇ ಎರಡನೇ ದೊಡ್ಡ ಊರು ಅನ್ನಿಸಿಕೊಂಡಿತ್ತು, ಆದರೆ ಭೂಪಟದಲ್ಲಿ ಅದರ ಹೆಸರೇ ಇರಲಿಲ್ಲ. 1975ರ ಮೇ 14ರಂದು ವಾಂಗ್ ಪಾವೊ ಹೊರಟಾಗ ವಿಮಾನಗಳಲ್ಲಿ ಜಾಗ ಸಿಕ್ಕಿದ್ದು ಎರಡು ಮೂರು ಸಾವಿರ ಜನಕ್ಕೆ, ಹೆಚ್ಚಾಗಿ ಅಧಿಕಾರಿಗಳು ಮತ್ತು ಅವರ ಮನೆಯವರಿಗೆ. ಉಳಿದ ಸಾವಿರಾರು ಜನ ಪಟ್ಟಿಯ ಪಕ್ಕದಲ್ಲಿ ಗಂಟುಮೂಟೆ ಇಟ್ಟುಕೊಂಡು ಕಾದರು. ಬೇರೆ ವಿಮಾನ ಬರಲೇ ಇಲ್ಲ.

ಮಧ್ಯಾಹ್ನ ಬಾನ್ ನಾಫಿಯಾ. ಬಾಂಬ್ ಚೂರಿನ ಅಲ್ಯುಮಿನಿಯಂ ಕರಗಿಸಿ ಚಮಚ ಮಾಡುವ ಹಳ್ಳಿ. ಒಬ್ಬ ಹೆಂಗಸು ಸೌದೆ ಒಲೆ ಮುಂದೆ ಕೂತಿದ್ದರು. ಮರ ಮತ್ತು ಬೂದಿಯ ಅಚ್ಚಿಗೆ ಸೌಟಿನಿಂದ ಕರಗಿದ ಲೋಹ ಹುಯ್ದರು. ಒಂದು ಗಳಿಗೆ ಬಿಟ್ಟು ಅಚ್ಚು ಬಿಡಿಸಿದರೆ ಹೊಳೆಯುವ ಚಮಚ. ಅಂಚನ್ನು ಉಜ್ಜಿ ನನ್ನ ಅಂಗೈಗೆ ಹಾಕಿದರು. ಇನ್ನೂ ಬಿಸಿ ಇತ್ತು, ತೂಕವೇ ಇಲ್ಲ. ಕೊಳ್ಳಬೇಕೋ ಬೇಡವೋ ಅಂತ ಅಕ್ಕನಿಗೂ ನನಗೂ ಸಣ್ಣ ವಾದ ಆಯಿತು. ಇಂಥ ಗುಜರಿ ಆಯಲು ಹೋಗಿ ಎಷ್ಟೋ ಜನ ಸತ್ತಿದ್ದಾರೆ. "ಅವರ ದುಡಿಮೆ ನೋಡೋ, ಹೊಟ್ಟೆಪಾಡು ಅದು" ಅಂದಳು ಅಕ್ಕ. ಕೊನೆಗೆ ತಗೊಂಡೆವು.

ಮಂಗಳವಾರ, ನೋಂಗ್ ಹೆಟ್ ರಸ್ತೆ

ವಿಯೆಟ್ನಾಂ ಗಡಿಯ ಕಡೆಗೆ ಹೋಗುವ ದಾರಿ. ಮುವಾಂಗ್ ಖಾಮ್ ಹತ್ತಿರ ಥಾಮ್ ಪಿಯು ಗುಹೆ ಇದೆ. 1968ರ ನವೆಂಬರ್ 24ರಂದು ವಿಮಾನದಿಂದ ಬಿಟ್ಟ ರಾಕೆಟ್ ಗುಹೆಯ ಬಾಯೊಳಗೆ ನುಗ್ಗಿತು. ಬಾಂಬಿಗೆ ಹೆದರಿ ಒಳಗೆ ಅಡಗಿದ್ದ 374 ಜನ ಸತ್ತರು, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಮೆಟ್ಟಿಲು ಹತ್ತಿ ಒಳಗೆ ಹೋದೆವು. ಬಂಡೆ ಇನ್ನೂ ಕಪ್ಪಗಿದೆ. ನೆಲದಲ್ಲಿ ಊದುಬತ್ತಿಯ ಕಡ್ಡಿಗಳು.

ಈ ಗುಹೆ ನೋಡಿದ ಮೇಲೆ ಹ್ಮಾಂಗ್ ಯೋಧರನ್ನು ಬರೀ ವೀರರು ಅಂತ ಬರೆಯಲು ನನಗೆ ಕೈ ಬರುವುದಿಲ್ಲ. ಅವರ ಜೊತೆ ನಿಂತ ವಿಮಾನಗಳೇ ಈ ಊರುಗಳನ್ನು ಸುಟ್ಟಿದ್ದು. ಬಾಂಬ್ ಎಲ್ಲಿ ಹಾಕಬೇಕು ಅಂತ ಬೆಟ್ಟದ ಮೇಲಿಂದ ರೇಡಿಯೊದಲ್ಲಿ ತೋರಿಸಿದವರಲ್ಲಿ ಹ್ಮಾಂಗ್ ಹುಡುಗರೂ ಇದ್ದರು. ಹಾಗಂತ ಅವರೇ ಅಪರಾಧಿಗಳು ಅಂತಲೂ ಹೇಳಲಾರೆ. ಅವರ ಮನೆ ಮಠವೂ ಇದೇ ಬೆಂಕಿಯಲ್ಲಿ ಹೋಯಿತಲ್ಲ.

ವಾಪಸ್ ಕಾರಿಗೆ ಬಂದ ಮೇಲೆ ಗೈಡ್ ಬಾಯಿ ಬಿಟ್ಟರು. ನೋಂಗ್ ಹೆಟ್ ಸೀಮೆ ಹ್ಮಾಂಗ್ ನಾಯಕರ ತವರು. ವಾಂಗ್ ಪಾವೊ ಇಲ್ಲಿಯವನು. ಫ್ರೆಂಚರ, ರಾಜನ ಕಡೆ ನಿಂತ ಟೌಬಿ ಲಿಫೌಂಗ್ ಇಲ್ಲಿಯವನು. ಕಮ್ಯುನಿಸ್ಟರ ಕಡೆ ಹೋದ ಫೈಡಾಂಗ್ ಲೋಬ್ಲಿಯಾವೊ ಕೂಡ ಇಲ್ಲಿಯವನೇ. ಲೀ ಮತ್ತು ಲೋ ಎಂಬ ಎರಡು ಬಳಿಗಳ ಹಳೆಯ ಜಗಳ ಮುಂದೆ ದೊಡ್ಡ ಯುದ್ಧದ ಎರಡು ಪಕ್ಷಗಳಾದವು. "ನನ್ನ ದೊಡ್ಡಪ್ಪ ವಾಂಗ್ ಪಾವೊ ಕಡೆ. ನನ್ನ ಸೋದರಮಾವ ಪಾಥೆಟ್ ಲಾವೊ ಕಡೆ. ಮಾವನ ಫೋಟೊ ನಮ್ಮ ಮನೆಯ ಗೋಡೆ ಮೇಲಿದೆ. ದೊಡ್ಡಪ್ಪನದ್ದು ಪೆಟ್ಟಿಗೆಯೊಳಗಿದೆ" ಅಂದರು. ಮುಂದೆ ಊರು ಬಂತು, ಮಾತು ನಿಲ್ಲಿಸಿದರು.

ರಸ್ತೆ ಬದಿಯ ಆ ಹಳ್ಳಿಯಲ್ಲಿ ಹ್ಮಾಂಗ್ ಹೊಸವರ್ಷ ನಡೆದಿತ್ತು. ಸುಗ್ಗಿ ಮುಗಿದ ಮೇಲೆ ನವೆಂಬರ್, ಡಿಸೆಂಬರಿನಲ್ಲಿ ಒಂದೊಂದು ಊರು ತನಗೆ ಅನುಕೂಲವಾದ ದಿನ ಮಾಡುತ್ತದೆ. ಹರೆಯದ ಹುಡುಗ ಹುಡುಗಿಯರು ಎರಡು ಸಾಲಾಗಿ ಎದುರುಬದುರು ನಿಂತು ಚೆಂಡು ಎಸೆದುಕೊಳ್ಳುತ್ತಿದ್ದರು. ಹಿಡಿಯುವುದಕ್ಕಿಂತ ಮಾತಾಡಿಸುವುದೇ ಮುಖ್ಯ. ಹುಡುಗಿಯರ ಸೊಂಟಪಟ್ಟಿಗೆ ಸಾಲಾಗಿ ಹೊಲಿದ ಬೆಳ್ಳಿ ನಾಣ್ಯಗಳು, ತೋಳು ಎತ್ತಿದಾಗಲೆಲ್ಲ ಝಲ್ ಅನ್ನುತ್ತವೆ. ಒಂದು ಕಣಜ ಬಾಂಬ್ ಚಿಪ್ಪುಗಳ ಕಾಲಿನ ಮೇಲೆ ನಿಂತಿತ್ತು. ಅದರ ಕೆಳಗೆ ಕೋಳಿಗಳು.

ಊಟಕ್ಕೆ ಕರೆದರು. ಬಿದಿರ ಬುಟ್ಟಿಯಲ್ಲಿ ಜಿಗುಟು ಅನ್ನ, ಬೇಯಿಸಿದ ಸಾಸಿವೆ ಸೊಪ್ಪು, ಒರಳಲ್ಲಿ ಕುಟ್ಟಿದ ಹಸಿಮೆಣಸಿನ ಖಾರ. ನಾನಂತೂ ಖಾರ ಎರಡು ಸಲ ಹಾಕಿಸಿಕೊಂಡೆ.

ಮನೆಯ ನಡುಗಂಬವನ್ನು ಗೈಡ್ ತೋರಿಸಿದರು. ಗಂಡು ಮಗು ಹುಟ್ಟಿದರೆ ಮಾಸನ್ನು ಆ ಕಂಬದ ಬುಡದಲ್ಲಿ ಹೂಳುತ್ತಾರೆ. ಹೆಣ್ಣು ಮಗುವಿನದ್ದನ್ನು ಅಪ್ಪ ಅಮ್ಮನ ಮಂಚದ ಕೆಳಗೆ. ಸತ್ತ ಮೇಲೆ ಆತ್ಮ ತಾನು ಬಾಳಿದ ಒಂದೊಂದೇ ಊರನ್ನು ಹಿಮ್ಮುಖವಾಗಿ ದಾಟಿ, ಕೊನೆಗೆ ಹುಟ್ಟಿದ ಮನೆಗೆ ಬಂದು ಆ ಮಾಸನ್ನು ಉಟ್ಟುಕೊಳ್ಳಬೇಕು. ಆಮೇಲೆಯೇ ಹಿರಿಯರ ಲೋಕ. ಸಾವಿನ ಮನೆಯಲ್ಲಿ ದಾರಿ ತೋರಿಸುವ ಹಾಡು ಹೇಳುವವರು ಆ ಊರುಗಳನ್ನೆಲ್ಲ ಒಂದೊಂದಾಗಿ ಹೆಸರಿಸಿ ಕರೆದೊಯ್ಯುತ್ತಾರೆ. ಸೇಂಟ್ ಪಾಲ್‌ನಲ್ಲಿ ಈ ಹಾಡು ಈಗಲೂ ಇದೆ ಅಂದಳು ಅಕ್ಕ. ಹ್ಮಾಂಗ್ ಗೆಳತಿಯ ತಂದೆ ತೀರಿಕೊಂಡಾಗ ಹೋಗಿದ್ದಳಂತೆ. ಸಾವಿನ ಕಾರ್ಯ ದಿನಗಟ್ಟಲೆ ನಡೆಯಿತು, ಬಿದಿರಿನ ವಾದ್ಯ ನಿಲ್ಲಲೇ ಇಲ್ಲ. ಆ ಯಜಮಾನರು ಮಿನ್ನೆಸೋಟದಿಂದ ಥಾಯ್ಲೆಂಡಿನ ಶಿಬಿರಕ್ಕೆ, ಅಲ್ಲಿಂದ ಮೆಕಾಂಗ್ ದಾಟಿ ಇಂಥದ್ದೇ ಒಂದು ಮನೆಗೆ ಬರಬೇಕಿತ್ತು. ಆ ಮನೆ ಸುಟ್ಟುಹೋಗಿ ಐವತ್ತು ವರ್ಷ ದಾಟಿತ್ತು.

ಬುಧವಾರ

ದಿನವೆಲ್ಲ ವಾಪಸ್ ಪ್ರಯಾಣ. ರಾತ್ರಿ ವಿಯೆಂಟಿಯಾನ್, ಬಿಸಿ ನೂಡಲ್ಸ್ ಸಾರು, ನಿದ್ದೆ.

ಗುರುವಾರ, ನದಿಯ ಆಚೆ

1994ರಲ್ಲಿ ಕಟ್ಟಿದ ಸ್ನೇಹ ಸೇತುವೆಯನ್ನು ಬಸ್ಸು ಕೆಲವೇ ನಿಮಿಷದಲ್ಲಿ ದಾಟಿತು. ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು, ಥಾಯ್ಲೆಂಡಿನ ನಾಂಗ್ ಖಾಯ್ ಬಂತು.

1975ರ ನಂತರ ಹ್ಮಾಂಗ್ ಜನ ಇದೇ ನದಿಯನ್ನು ದಾಟುತ್ತಿದ್ದುದು ರಾತ್ರಿ ಹೊತ್ತು. ಬೆಟ್ಟದ ಜನ, ಈಜು ಬಾರದು. ಕಂಕುಳಲ್ಲಿ ಬಿದಿರಿನ ಕಟ್ಟು, ಟಯರಿನ ಟ್ಯೂಬು, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲ, ಏನು ಸಿಕ್ಕಿದರೆ ಅದು. ದಡದಲ್ಲಿ ಸೈನಿಕರ ಕಾವಲು. ಮಗು ಅತ್ತರೆ ಎಲ್ಲರೂ ಸಾಯಬೇಕು. ಹಾಗಾಗಿ ತಾಯಂದಿರು ಕೂಸುಗಳಿಗೆ ಚೂರು ಅಫೀಮು ಕೊಡುತ್ತಿದ್ದರು. ಅಳತೆ ಹೆಚ್ಚಾದ ಕೂಸುಗಳು ಆಚೆ ದಡದಲ್ಲಿ ಎಚ್ಚರವಾಗಲಿಲ್ಲ.

ಕಾರು ಮಾಡಿಕೊಂಡು 211ನೇ ರಸ್ತೆಯಲ್ಲಿ ಪಶ್ಚಿಮಕ್ಕೆ ಹೊರಟೆವು. ಬಲಗಡೆ ಉದ್ದಕ್ಕೂ ಮೆಕಾಂಗ್. ಸಂಗ್‌ಖೋಮ್ ದಾಟಿ ಪಾಕ್ ಚೋಮ್, ಅಲ್ಲಿಂದ ಒಳಕ್ಕೆ ಬಾನ್ ವಿನಾಯ್. 1975ರ ಕೊನೆಯಲ್ಲಿ ಶುರುವಾಗಿ 1992ರಲ್ಲಿ ಮುಚ್ಚಿದ ನಿರಾಶ್ರಿತರ ಶಿಬಿರ ಇದ್ದ ಜಾಗ. 1980ರ ದಶಕದ ಮಧ್ಯೆ ಇಲ್ಲಿ 40,000ಕ್ಕೂ ಹೆಚ್ಚು ಜನರಿದ್ದರು. ಬಹುಪಾಲು ಹ್ಮಾಂಗ್. ಈಗ ಹೊಲ, ಮರಗಳು, ಅಲ್ಲೊಂದು ಇಲ್ಲೊಂದು ಮನೆ. ಅಂಗಡಿಯ ಅಜ್ಜಿಯನ್ನು ಡ್ರೈವರ್ ಮಾತಾಡಿಸಿದರು. ಅವರು ಹುಡುಗಿಯಾಗಿದ್ದಾಗ ಶಿಬಿರದ ಬೇಲಿ ಹತ್ತಿರ ತರಕಾರಿ ಮಾರುತ್ತಿದ್ದರಂತೆ. "ಅವರಿಗೆ ಹೊಲ ಇರಲಿಲ್ಲ, ಕೆಲಸ ಇರಲಿಲ್ಲ. ಕೂತು ಹೊಲಿಯೋರು" ಅಂದರು.

ಹೊಲಿದದ್ದೇನು ಅನ್ನುವುದು ಅಕ್ಕನ ಫೋನಿನಲ್ಲಿತ್ತು. ಅವಳ ಮನೆಯ ಗೋಡೆ ಮೇಲಿರುವ ಕಸೂತಿ ಬಟ್ಟೆಯ ಫೋಟೊ. ನೀಲಿ ಬಟ್ಟೆ. ಮೇಲಿನ ಮೂಲೆಯಲ್ಲಿ ಬೆಟ್ಟ, ಜೋಳದ ಹೊಲ, ಹಂದಿ ಕೋಳಿ. ಸ್ವಲ್ಪ ಕೆಳಗೆ ವಿಮಾನ, ಹಸಿರು ಬಟ್ಟೆಯ ಸೈನಿಕರು, ಬಿದ್ದ ಜನ. ನಡುವೆ ಅಡ್ಡಕ್ಕೆ ಅಗಲವಾದ ನದಿ, ಅದರಲ್ಲಿ ಬಿದಿರು ಹಿಡಿದ ತಲೆಗಳು. ಕೆಳಗೆ ಶಿಬಿರದ ಸಾಲುಮನೆ, ಕೊನೆಯ ಮೂಲೆಯಲ್ಲಿ ಒಂದು ಬಸ್ಸು. ಹ್ಮಾಂಗ್ ಹೆಂಗಸರು ಹಿಂದೆಯೂ ಕಸೂತಿ ಹಾಕುತ್ತಿದ್ದರು, ಬರೀ ವಿನ್ಯಾಸಗಳು. ಕಥೆ ಹೇಳುವ ಬಟ್ಟೆ ಹುಟ್ಟಿದ್ದು ಈ ಶಿಬಿರಗಳಲ್ಲಿ. ಇದನ್ನು ಮಾರಿ ನಾಲ್ಕು ಕಾಸು ನೋಡುತ್ತಿದ್ದರು. ಲಾವೋಸಿನಲ್ಲಿ ನಾವು ನೋಡಿದ ಕಡೆಯೆಲ್ಲ ಬಾಂಬಿನ ಲೆಕ್ಕ ಬರೆದಿತ್ತು, ಈ ಜನರ ಲೆಕ್ಕ ಇರಲಿಲ್ಲ. ಅವರು ಅದನ್ನು ನದಿ ದಾಟಿದ ಮೇಲೆ ಸೂಜಿದಾರದಲ್ಲಿ ಬರೆದಿಟ್ಟಿದ್ದಾರೆ.

ಇದೇ ವರ್ಷಗಳಲ್ಲಿ ಸಿಐಎ ಟಿಬೆಟಿನ ಹೋರಾಟಗಾರರಿಗೂ ಗುಟ್ಟಾಗಿ ತರಬೇತಿ, ಬಂದೂಕು ಕೊಟ್ಟಿತ್ತು. ನೇಪಾಳದ ಮುಸ್ತಾಂಗ್‌ನಲ್ಲಿ ಅವರ ನೆಲೆ ಇತ್ತು. ಅಮೆರಿಕ ಚೀನಾ ಒಂದಾದವು, 1974ಕ್ಕೆ ಅದೂ ಮುಗಿಯಿತು. ಬೈಲುಕುಪ್ಪೆ, ಮುಂಡಗೋಡಿನಲ್ಲಿ ಟಿಬೆಟಿನ ಹಿರಿಯರನ್ನು ನೋಡುತ್ತಾ ಬೆಳೆದ ನಮಗೆ ಹ್ಮಾಂಗ್ ಜನರ ಕಥೆ ಅಷ್ಟೇನೂ ದೂರದ್ದಲ್ಲ.

ಶಿಬಿರದಿಂದ ಅಮೆರಿಕಕ್ಕೆ ಹೋದವರ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಆರಂಭದ ವರ್ಷಗಳಲ್ಲಿ ಆರೋಗ್ಯವಾಗಿದ್ದ ಹ್ಮಾಂಗ್ ಗಂಡಸರು ರಾತ್ರಿ ನಿದ್ದೆಯಲ್ಲೇ ಸಾಯತೊಡಗಿದರು. 1981ರ ಸುಮಾರಿಗೆ ಅದು ಎಷ್ಟು ಹೆಚ್ಚಾಯಿತು ಅಂದರೆ ಅಲ್ಲಿನ ಸರ್ಕಾರಿ ವೈದ್ಯರು ಪ್ರತ್ಯೇಕ ತನಿಖೆಯನ್ನೇ ನಡೆಸಿದರು. ಹೃದಯದ ಬಡಿತದ ದೋಷ ಇರಬೇಕು ಅಂತ ಆಮೇಲೆ ತಿಳಿಯಿತು. ಯೋಧರಿಗೆ ಪೌರತ್ವದ ಪರೀಕ್ಷೆ ಇಂಗ್ಲಿಷಿನಲ್ಲಿ. ದುಭಾಷಿ ಇಟ್ಟುಕೊಳ್ಳಬಹುದು ಎಂಬ ಕಾನೂನು ಬಂದಿದ್ದು 2000ದಲ್ಲಿ, ಯುದ್ಧ ಮುಗಿದು 25 ವರ್ಷಕ್ಕೆ. ವಾಂಗ್ ಪಾವೊ 2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡಾಗ ಆರ್ಲಿಂಗ್ಟನ್ ಸೇನಾ ಸ್ಮಶಾನದಲ್ಲಿ ಜಾಗ ಕೇಳಿದರು, ಕೊಡಲಿಲ್ಲ. ಹ್ಮಾಂಗ್ ಯೋಧರನ್ನು ಅಮೆರಿಕದ ರಾಷ್ಟ್ರೀಯ ಸ್ಮಶಾನಗಳಲ್ಲಿ ಹೂಳಲು ದಾರಿಯಾಗಿದ್ದು 2018ರಲ್ಲಿ. ಅಷ್ಟು ಹೊತ್ತಿಗೆ ಎಷ್ಟು ಜನ ಉಳಿದಿದ್ದರು?

ಶುಕ್ರವಾರ, ಉಡಾನ್ ಥಾನಿ

ಬ್ಯಾಂಕಾಕ್ ವಿಮಾನ ಉಡಾನ್ ಥಾನಿಯಿಂದ. ಅಲ್ಲಿನ ವಿಮಾನ ನಿಲ್ದಾಣದ ರನ್‌ವೇ ಥಾಯ್ ವಾಯುಪಡೆಯದ್ದೂ ಹೌದು. ಲಾವೋಸಿನ ಗುಟ್ಟಿನ ಯುದ್ಧದ ಕಚೇರಿ ಇದ್ದದ್ದು ಇಲ್ಲೇ. ಬಿಲ್ ಲೇರ್ ಇಲ್ಲಿಂದಲೇ ಕೆಲಸ ನಡೆಸುತ್ತಿದ್ದ. ಲೀ ಲೂ ಥರದವರು ಹಾರಾಟ ಕಲಿತದ್ದೂ ಇಲ್ಲೇ. ಕಾಯುವ ಜಾಗದಲ್ಲಿ ಕಾಫಿ ಅಂಗಡಿ, ಮಕ್ಕಳ ಗಲಾಟೆ.

ಅಕ್ಕ ಫೋನಿನಲ್ಲಿ ಅವಳ ಊರಿನ ಸುದ್ದಿ ಓದುತ್ತಿದ್ದಳು. 2025ರಲ್ಲಿ ಅಮೆರಿಕ ಹ್ಮಾಂಗ್ ಸಮುದಾಯದ ಕೆಲವರನ್ನು ಲಾವೋಸಿಗೆ ಗಡೀಪಾರು ಮಾಡಿತು. ಯಾವಾಗಲೋ ಆದ ಅಪರಾಧ, ಅದರ ಶಿಕ್ಷೆಯೂ ಮುಗಿದಿತ್ತು. ಅವರಲ್ಲಿ ಥಾಯ್ಲೆಂಡಿನಲ್ಲಿ ಹುಟ್ಟಿ, ಕೂಸಾಗಿದ್ದಾಗ ಅಮೆರಿಕಕ್ಕೆ ಹೋದವರೂ ಇದ್ದರು. ಲಾವೋಸನ್ನು ಕಣ್ಣಲ್ಲೂ ನೋಡಿಲ್ಲ, ಅಲ್ಲಿನ ಭಾಷೆ ಬರಲ್ಲ. "ಇವರ ಅಪ್ಪ ಅಜ್ಜಂದಿರು ಯಾರಿಗೋಸ್ಕರ ಕಾದಾಡಿದ್ರು ಹೇಳು?" ಅಂದಳು. ಇದು ಅನ್ಯಾಯ. ನಾನು ಬೇರೆ ಮಾತು ಹುಡುಕಲು ಹೋಗುವುದಿಲ್ಲ.

ಹೋಗುವ ಮನಸ್ಸಿದ್ದವರಿಗೆ: ನವೆಂಬರ್ ಕೊನೆಯಿಂದ ಜನವರಿ ಒಳ್ಳೆಯ ಕಾಲ, ಸ್ವೆಟರ್ ಮರೆಯಬೇಡಿ. ಫೋನ್ಸವನ್‌ನಲ್ಲಿ ಹ್ಮಾಂಗ್ ಗೈಡ್ ಬೇಕು ಅಂತ ಕೇಳಿ. ಯುದ್ಧದ ಬಗ್ಗೆ ಅವರಾಗಿಯೇ ಮಾತು ತೆಗೆದರೆ ಕೇಳಿಸಿಕೊಳ್ಳಿ, ಊರವರ ಮುಂದೆ ಕೆದಕಬೇಡಿ. ಹಂಡೆಗಳ ಬಯಲಿನಲ್ಲಿ ಬಿಳಿ ಗುರುತಿನ ಒಳಗೇ ನಡೆಯಿರಿ. ನಾಂಗ್ ಖಾಯ್‌ಗೆ ಬಂದರೆ ಪಾಕ್ ಚೋಮ್‌ವರೆಗೆ ಒಂದು ಕಾರು ಮಾಡಿಕೊಳ್ಳಿ, ಒಂದು ದಿನದಲ್ಲಿ ಹೋಗಿಬರಬಹುದು. ಬಾನ್ ವಿನಾಯ್‌ನಲ್ಲಿ ನೋಡುವುದು ಏನಿದೆ ಅಂತ ಡ್ರೈವರ್ ಕೇಳಬಹುದು. ಆದರೂ ಹೋಗಿ.